ರೋಡ್‌ಕಿಂಗ್ ನೆಗೆದರೆ ಏಟು ಬೀಳುವುದೆಲ್ಲಿ?

ಡಾಕರ್ ರ‍್ಯಾಲಿಯನ್ನು ಕೊನೆಯವರೆಗೆ ಓಡಿಸಿ ಮುಗಿಸಿದ ಮೊದಲ ಭಾರತೀಯ ಬೆಂಗಳೂರಿನ ಸಿ.ಎಸ್. ಸಂತೋಷ್. 2015ರಲ್ಲಿ ಅವರು 36ನೆಯವರಾಗಿ ಗುರಿ ಮುಟ್ಟಿದರು. ಮಣ್ಣಿನ ಮೇಲೆ ಬೈಕು ಓಡಿಸುವುದನ್ನು ಬೇರೆಯವರಿಗೆ ಕಲಿಸಬೇಕೆಂದು ಹೊರಟಾಗ ಅವರು ಹಿಡಿದದ್ದು ಕೋಲಾರ ಜಿಲ್ಲೆಯ ನೆಲವನ್ನು. ಅವರ ಬಿಗ್‌ರಾಕ್ ತರಬೇತಿ ಮೈದಾನ ಇರುವುದು ಇಲ್ಲೇ. ಈ ಕಡೆ ಓಡಾಡಿದವರಿಗೆ ಕಾರಣ ಕೇಳಬೇಕಾಗಿಲ್ಲ. ನೊರಜುಗಲ್ಲು ಬೆರೆತ ಕೆಂಪು ಮಣ್ಣು, ಊರೂರಿಗೂ ಒಂದು ಬಂಡೆಗುಡ್ಡ, ನೀಲಗಿರಿ ತೋಪಿನ ನಡುವೆ ಗಾಡಿ ಜಾಡು, ವರ್ಷದ ಬಹುಪಾಲು ಕೆಸರಿಲ್ಲದ ನೆಲ. ನೀರಿಗಾಗಿ ಸಾವಿರ ಅಡಿ ಕೊರೆಯುವ ಜಿಲ್ಲೆಗೆ ಒಣನೆಲದಿಂದ ಆದ ಒಂದೇ ಉಪಕಾರ ಇದಿರಬೇಕು.

ಆ ಮೈದಾನದಲ್ಲಿ ಓಡುವುದು ಹೊಸ ಗಾಡಿಗಳು. ನಾನು ಬರೆಯಹೊರಟದ್ದು ಹಳೆಯದರ ಬಗ್ಗೆ. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಹಳ್ಳಿಗಳಲ್ಲಿ ಒಂದು ಕಾಲಕ್ಕೆ ಹಾಲಿನ ಕ್ಯಾನು, ರೇಷ್ಮೆಗೂಡಿನ ಮೂಟೆ, ಮಾವಿನಕಾಯಿ ಚೀಲ ಹೊತ್ತ ಜಾವಾ, ಯೆಜ್ಡಿಗಳಿದ್ದವು. ಕೆಲವು ಇನ್ನೂ ಕೊಟ್ಟಿಗೆಯ ಮೂಲೆಯಲ್ಲಿವೆ. ತಾತನ ಗಾಡಿಯನ್ನು ಹೊರಗೆಳೆದು ಮಣ್ಣಿನ ದಿಬ್ಬ ಹಾರುವ ಮೋಟೊಕ್ರಾಸ್ ಬೈಕು ಮಾಡಿಬಿಡೋಣ ಎನ್ನುವ ಆಸೆ ಮೊಮ್ಮಕ್ಕಳಿಗೆ ಬರುತ್ತದೆ. ಆಸೆ ತಪ್ಪಲ್ಲ. ಆದರೆ ಕೆಲಸ ಶುರುವಾಗುವ ಕ್ರಮ ಮಾತ್ರ ಸಾಮಾನ್ಯವಾಗಿ ತಲೆಕೆಳಗು: ಮೊದಲು ಸೈಲೆನ್ಸರ್ ಕತ್ತರಿಸುವುದು, ಆಮೇಲೆ ಎತ್ತರದ ಹ್ಯಾಂಡಲ್, ಆಮೇಲೆ ಗಡ್ಡೆಗಡ್ಡೆಯ ಟೈರು. ಸದ್ದು ಜೋರಾಗುತ್ತದೆ, ಫೋಟೊ ಚೆನ್ನಾಗಿ ಬರುತ್ತದೆ. ಗಾಡಿ ಮೊದಲ ದಿಬ್ಬ ಹಾರುವವರೆಗೆ ಎಲ್ಲವೂ ಸರಿ.

ಶ್ರೀನಿವಾಸಪುರದ ಮಾವಿನ ತೋಟವೊಂದರಲ್ಲಿ ಒಂದು ಯೆಜ್ಡಿ ರೋಡ್‌ಕಿಂಗ್ ಸಿಕ್ಕಿತು ಎಂದಿಟ್ಟುಕೊಳ್ಳೋಣ. ಅದರ ಕುಲಗೋತ್ರ ಸಣ್ಣದಲ್ಲ. ಇರಾನಿ ಕುಟುಂಬ 1960ರಲ್ಲಿ ಮೈಸೂರಿನಲ್ಲಿ ಕಟ್ಟಿದ ಐಡಿಯಲ್ ಜಾವಾ ಕಾರ್ಖಾನೆ ಜೆಕೊಸ್ಲೊವಾಕಿಯಾದ ಜಾವಾ ಬೈಕುಗಳನ್ನು ಇಲ್ಲಿ ತಯಾರಿಸುತ್ತಿತ್ತು. 1973ರಿಂದ ಗಾಡಿಗಳಿಗೆ ಯೆಜ್ಡಿ ಎಂಬ ಹೆಸರು ಬಂತು, 1978ರಲ್ಲಿ ರೋಡ್‌ಕಿಂಗ್ ಬಂತು, 1996ರಲ್ಲಿ ಕಾರ್ಖಾನೆ ಮುಚ್ಚಿತು. ಜಾವಾದ ಸೋದರ ಸಂಸ್ಥೆಯಾಗಿದ್ದ ಸಿ.ಝಡ್. ಆ ಕಾಲದ ಮೋಟೊಕ್ರಾಸ್‌ನಲ್ಲಿ ದೊಡ್ಡ ಹೆಸರು. ಬೆಲ್ಜಿಯಂನ ಜೋಎಲ್ ರಾಬರ್ಟ್ 1964ರಲ್ಲಿ 250 ಸಿಸಿ ವರ್ಗದ ವಿಶ್ವ ಪ್ರಶಸ್ತಿ ಗೆದ್ದದ್ದು ಸಿ.ಝಡ್. ಮೇಲೆ, ಪೂರ್ವ ಜರ್ಮನಿಯ ಪಾಲ್ ಫ್ರೀಡ್ರಿಕ್ಸ್ 1966ರಿಂದ ಸತತ ಮೂರು ವರ್ಷ 500 ಸಿಸಿ ಪ್ರಶಸ್ತಿ ಗೆದ್ದದ್ದೂ ಅದರ ಮೇಲೆಯೇ. ಹಾಲು ಹಾಕಿ ಬರುತ್ತಿದ್ದ ಗಾಡಿಯ ದಾಯಾದಿಗಳು ಯುರೋಪಿನ ಕೆಸರಿನಲ್ಲಿ ಪ್ರಶಸ್ತಿ ಬಾಚುತ್ತಿದ್ದವು ಅನ್ನಿ.

ಹಾಗಾದರೆ ಆ ರಕ್ತ ಇದರಲ್ಲೂ ಇರಬೇಕಲ್ಲ ಎಂದು ಯಾರಾದರೂ ಕೇಳಬಹುದು. ಎಂಜಿನ್ನಿನಲ್ಲಿ ಸ್ವಲ್ಪ ಇದೆ. ಚಾಸಿಯಲ್ಲಿ ಅಷ್ಟಿಲ್ಲ. ಇಡೀ ವಿಷಯ ನಿಂತಿರುವುದು ಈ ವ್ಯತ್ಯಾಸದ ಮೇಲೆ.

ದಿಬ್ಬ ಹಾರುವ ಗಾಡಿಗೆ ಮುಖ್ಯವಾದದ್ದು ಅಶ್ವಶಕ್ತಿ ಅಲ್ಲ, ಗಾಲಿ ಮೇಲೆ ಕೆಳಗೆ ಎಷ್ಟು ಆಡುತ್ತದೆ ಎನ್ನುವುದು. ಗಾಡಿಯೂ ಸವಾರನೂ ಸೇರಿ 200 ಕೆ.ಜಿ. ಇದ್ದು ಒಂದು ಮೀಟರ್ ಎತ್ತರದಿಂದ ಸಮನೆಲಕ್ಕೆ ಬಿದ್ದರು ಎನ್ನಿ. ಬಿದ್ದ ಶಕ್ತಿಯನ್ನೆಲ್ಲ ಶಾಕ್ ಅಬ್ಸಾರ್ಬರ್ ಮತ್ತು ಫೋರ್ಕು ತಮ್ಮ ಕುಸಿತದೊಳಗೇ ನುಂಗಬೇಕು. ಗಾಲಿಯ ಆಟ 300 ಮಿಲಿಮೀಟರ್ ಇದ್ದರೆ, ಸರಾಸರಿ ಲೆಕ್ಕದಲ್ಲಿ, ಚಾಸಿಗೆ ಬೀಳುವ ಹೊರೆ ಒಟ್ಟು ತೂಕದ ನಾಲ್ಕೂಕಾಲು ಪಟ್ಟಿಗಿಂತ ತುಸು ಹೆಚ್ಚು. ಆಟ 100 ಮಿ.ಮೀ. ಮಾತ್ರ ಇದ್ದರೆ ಅದು 11 ಪಟ್ಟು, ಅಂದರೆ 2,200 ಕೆ.ಜಿ. ಕೋಲಾರದ ಎಪಿಎಂಸಿಯಲ್ಲಿ ಲಾರಿಗೆ ಹತ್ತುವ 15 ಕೆ.ಜಿ.ಯ ಟೊಮೆಟೊ ಬಾಕ್ಸುಗಳಲ್ಲಿ ಹೇಳುವುದಾದರೆ ಸುಮಾರು 147 ಬಾಕ್ಸು ಒಂದೇ ಕ್ಷಣಕ್ಕೆ ಗಾಡಿಯ ಮೇಲೆ ಕೂತಂತೆ. ಇಳಿಜಾರಿನ ಮೇಲೆ ಇಳಿದರೆ ಏಟು ಕಡಿಮೆ. ಆಟ ಮುಗಿದು ಕಬ್ಬಿಣಕ್ಕೆ ಕಬ್ಬಿಣ ಬಡಿದರೆ ಲೆಕ್ಕ ಇದಕ್ಕಿಂತ ಕೆಟ್ಟದು. ಮೋಟೊಕ್ರಾಸ್‌ನ ಚರಿತ್ರೆ ಎಂದರೆ ಬಹುಮಟ್ಟಿಗೆ ಈ ಮಿಲಿಮೀಟರುಗಳ ಚರಿತ್ರೆ.

1924ರಲ್ಲಿ ಇಂಗ್ಲೆಂಡಿನ ಕ್ಯಾಂಬರ್ಲಿಯಲ್ಲಿ ಸ್ಕ್ರ್ಯಾಂಬಲ್ ಎಂದು ಕರೆದುಕೊಂಡ ಓಟ ನಡೆದಾಗ ಮಣ್ಣಿಗೆಂದೇ ಮಾಡಿದ ಗಾಡಿ ಇರಲಿಲ್ಲ. 1957ರಲ್ಲಿ ವಿಶ್ವ ಚಾಂಪಿಯನ್‌ಷಿಪ್ ಶುರುವಾದ ಮೇಲೂ ಬಹುಕಾಲ ಹಿಂದಿನ ಗಾಲಿಯ ಆಟ ನೂರು ಮಿ.ಮೀ. ಸುತ್ತಮುತ್ತಲೇ ಇತ್ತು. ಸವಾರನ ಮೊಣಕಾಲೇ ಉಳಿದ ಸ್ಪ್ರಿಂಗು. 1973ರಲ್ಲಿ ಆ ಮಿತಿ ಮುರಿಯಿತು. ಬೆಲ್ಜಿಯಂನ ಎಂಜಿನಿಯರ್ ಲೂಸಿಯೆನ್ ಟಿಲ್ಕೆನ್ಸ್ ಯೋಚಿಸಿದ, ಒಂದೇ ಉದ್ದನೆಯ ಶಾಕನ್ನು ಸೀಟಿನ ಕೆಳಗೆ ಮಲಗಿಸುವ ವಿಧಾನವನ್ನು ಯಮಾಹಾ ಅಳವಡಿಸಿಕೊಂಡಿತು; ಸ್ವೀಡನ್ನಿನ ಹಾಕನ್ ಆಂಡರ್ಸನ್ ಅದರ ಮೇಲೆ 250 ಸಿಸಿ ವಿಶ್ವ ಪ್ರಶಸ್ತಿ ಗೆದ್ದರು. ಮರುವರ್ಷವೇ ಎಲ್ಲರೂ ತಮ್ಮ ಗಾಡಿಯ ಹಿಂಭಾಗ ಕತ್ತರಿಸಿ ಶಾಕನ್ನು ಮುಂದಕ್ಕೆ ಸರಿಸತೊಡಗಿದರು. ಮೈಸೂರಿನ ಗಾಡಿಗೆ ಯೆಜ್ಡಿ ಎಂದು ನಾಮಕರಣವಾದ ವರ್ಷವೂ 1973 ಎಂಬುದು ಕಾಕತಾಳೀಯ. ಅದಾಗಿ ಐದು ವರ್ಷಕ್ಕೆ ಬಂದ ರೋಡ್‌ಕಿಂಗ್ ಮಾತ್ರ ಎರಡು ಗಿಡ್ಡ ಶಾಕುಗಳ ಹಳೆಯ ಪದ್ಧತಿಯಲ್ಲೇ ಇತ್ತು. ಡಾಂಬರು ರಸ್ತೆಯಲ್ಲಿ ಇಬ್ಬರನ್ನು ಹೊತ್ತೊಯ್ಯಲು ಅಷ್ಟು ಸಾಕು.

ಅಮೆರಿಕದಲ್ಲಿ ಹಳೆಯ ಮೋಟೊಕ್ರಾಸ್ ಗಾಡಿಗಳ ಓಟ ನಡೆಸುವ ಎ.ಎಚ್.ಆರ್.ಎಂ.ಎ. ಎಂಬ ಸಂಸ್ಥೆ ವಿಂಟೇಜ್ ವರ್ಗವನ್ನು 1974ರ ಮಾದರಿಗಳಿಗೆ ನಿಲ್ಲಿಸುವುದು ಈ ಕಾರಣಕ್ಕೇ. ಜೊತೆಗೆ ಗಾಲಿಯ ಆಟಕ್ಕೂ ಮಿತಿ ಹಾಕಿದೆ: ಮುಂದೆ 7 ಇಂಚು, ಹಿಂದೆ 4 ಇಂಚು, ನಮ್ಮ ಲೆಕ್ಕದಲ್ಲಿ 178 ಮತ್ತು 102 ಮಿ.ಮೀ. ನಟ್ಟು, ಬೇರಿಂಗು, ಸೀಲು ಹೊಸದಿರಲಿ, ಚಿಂತೆಯಿಲ್ಲ. ಆಟ ಮಾತ್ರ ಆ ಕಾಲದ್ದಾಗಿರಬೇಕು ಎಂಬುದು ಇದರ ಇಂಗಿತ. ಇಷ್ಟು ವಿವೇಕದ ನಿಯಮವನ್ನು ನಾನು ಬೇರೆ ಆಟಗಳಲ್ಲಿ ಕಂಡಿಲ್ಲ. ನಮ್ಮ ತೋಟದ ರೋಡ್‌ಕಿಂಗ್ ಅಮೆರಿಕಕ್ಕೆ ಹೋಗುವುದಿಲ್ಲ ನಿಜ, ಆದರೂ ಆ ಅಂಕಿಗಳನ್ನು ಗ್ಯಾರೇಜಿನ ಗೋಡೆಯ ಮೇಲೆ ಬಳಪದಲ್ಲಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಯಾಕೆಂದರೆ ಒಂದು ಭಾಗ ಹೊಸದಾದ ಕೂಡಲೇ ಅದು ತಾನು ತಾಳಿಕೊಂಡ ಏಟನ್ನು ಪಕ್ಕದ ಹಳೆಯ ಭಾಗಕ್ಕೆ ದಾಟಿಸುತ್ತದೆ. ಹಿಂದಿನ ಶಾಕನ್ನೇ ತೆಗೆದುಕೊಳ್ಳಿ. ಅದರ ಕೆಳತುದಿಯನ್ನು ಸ್ವಿಂಗ್ ಆರ್ಮಿನ ಮೇಲೆ ಮುಂದಕ್ಕೆ ಸರಿಸಿದರೆ, ಶಾಕ್ 70 ಮಿ.ಮೀ. ಕುಸಿದಾಗ ಗಾಲಿ 105 ಮಿ.ಮೀ. ಆಡುವಂತೆ ಮಾಡಬಹುದು. ಒಂದೂವರೆ ಪಟ್ಟು ಆಟ ಬಿಟ್ಟಿಯಾಗಿ ಸಿಕ್ಕಿತು ಅನಿಸುತ್ತದೆ. ಬಿಟ್ಟಿ ಅಲ್ಲ, ಗಾಲಿಗೆ ಬಿದ್ದ ಬಲದ ಒಂದೂವರೆ ಪಟ್ಟು ಬಲವನ್ನು ಈಗ ಶಾಕ್ ಹೊರಬೇಕು, ಅದು ಅಷ್ಟನ್ನೂ ತಾನು ಕೂತ ಬ್ರ್ಯಾಕೆಟ್ಟಿಗೆ ದಾಟಿಸುತ್ತದೆ. ಹಾಗಾಗಿ ಗಟ್ಟಿ ಸ್ಪ್ರಿಂಗು ಬೇಕು. ಗಟ್ಟಿ ಸ್ಪ್ರಿಂಗು ಬಂದರೆ ಅದರ ಪುಟಿತವನ್ನು ಹಿಡಿದಿಡಲು ಒಳಗಿನ ಎಣ್ಣೆ ಹೆಚ್ಚು ದುಡಿಯಬೇಕು, ದುಡಿದರೆ ಕಾಯಬೇಕು, ಕಾದ ಎಣ್ಣೆ ತೆಳ್ಳಗಾಗಿ ಹತ್ತು ನಿಮಿಷದಲ್ಲಿ ಗಾಡಿ ಕುದುರೆಯಂತೆ ಕುಣಿಯತೊಡಗುತ್ತದೆ. ಹೊರಗೊಂದು ಪುಟ್ಟ ಡಬ್ಬಿಯಿರುವ ಗ್ಯಾಸ್ ಶಾಕ್ ಹಾಕಬೇಕೆನ್ನುವುದು ಇದಕ್ಕೇ, ಅಂದಕ್ಕಲ್ಲ. ಗಾಲಿ ಹೆಚ್ಚು ಆಡಿದಂತೆ ಚೈನು ಒಂದು ಕ್ಷಣ ಬಿಗಿ, ಮರುಕ್ಷಣ ಸಡಿಲ. ಅದು ಸ್ಪ್ರಾಕೆಟ್ಟಿನಿಂದ ಜಾರದಂತೆ ಕೆಳಗೊಂದು ರೋಲರ್ ಕೂಡಿಸಬೇಕು.

ಇಷ್ಟರಲ್ಲಿ ಗಾಡಿಯ ಹಿಂಭಾಗ ಎತ್ತರವಾಗಿರುತ್ತದೆ. ಎರಡು ಗಾಲಿಗಳ ನಡುವೆ 1,350 ಮಿ.ಮೀ. ಇರುವ ಗಾಡಿಯ ಹಿಂಬದಿಯನ್ನು 50 ಮಿ.ಮೀ. ಎತ್ತಿದರೆ ಮುಂದಿನ ಫೋರ್ಕು ಎರಡು ಡಿಗ್ರಿ ನೆಟ್ಟಗಾಗುತ್ತದೆ. ಹ್ಯಾಂಡಲ್ಲಿನ ನಡುಗಂಬದ ಗೆರೆಯನ್ನು ನೆಲದವರೆಗೆ ಎಳೆದರೆ ಅದು ಟೈರು ನೆಲ ಮುಟ್ಟುವ ಜಾಗಕ್ಕಿಂತ ಸ್ವಲ್ಪ ಮುಂದೆ ಬೀಳುತ್ತದಲ್ಲ, ಆ ಅಂತರವೇ ಗಾಡಿಯನ್ನು ನೇರ ಓಡಿಸುವುದು. ಎರಡು ಡಿಗ್ರಿಗೆ ಆ ಅಂತರದಲ್ಲಿ ಹತ್ತು ಹನ್ನೆರಡು ಮಿ.ಮೀ. ಹೋಯಿತು. ಮರಳಿನ ಮೇಲೆ ಹ್ಯಾಂಡಲ್ ಒದರಾಡುತ್ತದೆ. ಸರಿಪಡಿಸಲು ಮುಂದೆಯೂ ಉದ್ದನೆಯ ಫೋರ್ಕು ಬೇಕು. ಗುಜರಿಯಲ್ಲಿ ಅದಕ್ಕೆ ಉತ್ತರ ಸಿದ್ಧವಾಗಿದೆ: 2019ರಲ್ಲಿ ಬಂದ ಹೀರೊ ಎಕ್ಸ್‌ಪಲ್ಸ್ 200ರ ಫೋರ್ಕು. 21 ಇಂಚಿನ ಮುಂಗಾಲಿ, 190 ಮಿ.ಮೀ. ಆಟ, ಡಿಸ್ಕ್ ಬ್ರೇಕಿಗೆ ಜಾಗ, ಎಲ್ಲವೂ ಒಂದೇ ಕಡೆ. ಬೆಂಗಳೂರಿನ ಶಿವಾಜಿನಗರದ ಗುಜರಿ ಗಲ್ಲಿಗಳಲ್ಲಿ ಅಪಘಾತವಾದ ಗಾಡಿಯದನ್ನು ಹುಡುಕಿದರೆ ಅದರ ಕೊಳವೆಯ ನೇರವನ್ನು ಗಾಜಿನ ಹಲಗೆಯ ಮೇಲೆ ಉರುಳಿಸಿ ನೋಡದೆ ಕೊಳ್ಳಬಾರದು.

ಆದರೆ ಉದ್ದನೆಯ ಫೋರ್ಕು ಮೀಟುಗೋಲೂ ಹೌದು. ತುದಿಯಲ್ಲಿ ಬಿದ್ದ ಏಟು ಹ್ಯಾಂಡಲ್ ಕತ್ತಿನಲ್ಲಿ ಹೆಚ್ಚಾಗಿ ತಿರುಚುತ್ತದೆ. ಅಲ್ಲಿ ಕೋನ್ ಸೆಟ್ಟಿನ ಬಿಡಿ ಗುಂಡುಗಳು ಬಟ್ಟಲಿನಲ್ಲಿ ಗುಳಿ ಬೀಳಿಸುತ್ತವೆ. ಟೇಪರ್ ರೋಲರ್ ಬೇರಿಂಗ್ ಹಾಕಬೇಕು. ಬೇರಿಂಗು ಗಟ್ಟಿಯಾದರೆ ಏಟು ಕತ್ತಿನ ಕೊಳವೆಯ ಬೆಸುಗೆಗೆ ಹೋಗುತ್ತದೆ. ಕತ್ತಿಗೆ ತಗಡಿನ ಆಸರೆ ಕೊಟ್ಟರೆ ಆಸರೆ ಮುಗಿಯುವ ಅಂಚಿಗೆ. ಒಳ್ಳೆಯ ವೆಲ್ಡರು ಆ ತಗಡಿನ ತುದಿಯನ್ನು ಮೀನಿನ ಬಾಲದಂತೆ ಸೀಳಿ ಕೊಳವೆಯ ಉದ್ದಕ್ಕೆ ಬೆಸೆಯುತ್ತಾನೆ; ಕೊಳವೆಗೆ ಅಡ್ಡವಾಗಿ ಸುತ್ತುಹಾಕಿ ಬೆಸೆದರೆ ಅದೇ ಗೆರೆಯಲ್ಲಿ ಕಬ್ಬಿಣ ಬಿರಿಯುತ್ತದೆ. ನನ್ನ ಮಟ್ಟಿಗೆ ಹೇಳುವುದಾದರೆ ಎಕ್ಸ್‌ಪಲ್ಸ್ ಫೋರ್ಕಿನ ಒಳಗೆ ಒಂದು ಬಳೆ ಕೂಡಿಸಿ ಆಟವನ್ನು 178ಕ್ಕೆ ಇಳಿಸುವುದೇ ಜಾಣತನ. ಹನ್ನೆರಡು ಮಿ.ಮೀ. ಕಳೆದುಕೊಂಡದ್ದು ಸವಾರನಿಗೆ ಗೊತ್ತಾಗುವುದಿಲ್ಲ, ಕತ್ತಿಗೆ ಗೊತ್ತಾಗುತ್ತದೆ. ಹೊಸ ಗಾಡಿಯ ಒಂಟಿ ಶಾಕನ್ನು ರೋಡ್‌ಕಿಂಗ್ ಚಾಸಿಗೆ ತುರುಕುವವರ ಬಗ್ಗೆ ನನಗೆ ಗೌರವವಿಲ್ಲ. ನೆತ್ತಿಯ ಕೊಳವೆಗೆ ನೇರ ಗುದ್ದು ಕೊಡುವ ಕೆಲಸ ಅದು. ಅದಕ್ಕಿಂತ ಎಕ್ಸ್‌ಪಲ್ಸನ್ನೇ ಕೊಳ್ಳುವುದು ಲೇಸು.

ಈ ಕೆಲಸಗಳಿಗೆ ಕೈ ಬೇಕು, ಕೋಲಾರದಲ್ಲಿ ಕೈಗಳಿವೆ. ನರಸಾಪುರದಲ್ಲಿ 2013ರಿಂದ ಹೋಂಡಾ ಕಾರ್ಖಾನೆ ಸಾಲು ಸಾಲು ದ್ವಿಚಕ್ರ ವಾಹನಗಳನ್ನು ಹೊರಬಿಡುತ್ತಿದೆ. ಅಲ್ಲಿನ ಯಂತ್ರಗಳಿಂದ ನಮ್ಮ ಒಂಟಿ ಗಾಡಿಗೆ ಏನೂ ಆಗಬೇಕಾದದ್ದಿಲ್ಲ. ಉಪಯೋಗಕ್ಕೆ ಬರುವುದು ಬೋರ್‌ವೆಲ್ ಮೋಟಾರು ರಿಪೇರಿ ಮಾಡುವ ಲೇತ್ ಅಂಗಡಿ. ನೀರು ಆಳಕ್ಕಿಳಿದಂತೆ ಪಂಪಿನ ಶಾಫ್ಟು, ಗನ್‌ಮೆಟಲ್ ಬುಷ್ಷು ಕಡೆಯುವ ಕೆಲಸ ಇಲ್ಲಿ ಹೆಚ್ಚಿತು. ಅದೇ ಕೈ ಸ್ವಿಂಗ್ ಆರ್ಮಿಗೆ ಬುಷ್ಷು ಕಡೆದುಕೊಡುತ್ತದೆ, ಬೇರೆ ಗಾಡಿಯ ಗಾಲಿ ಕೂರಿಸಲು ಬೇಕಾದ ಬಳೆಗಳನ್ನೂ. ಕೆಜಿಎಫ್‌ನಲ್ಲಿ 2001ರವರೆಗೆ ನಡೆದ ಚಿನ್ನದ ಗಣಿ, 1964ರಿಂದಿರುವ ಬಿಇಎಂಎಲ್ ಎರಡೂ ಆ ಸೀಮೆಗೆ ಫಿಟ್ಟರುಗಳ ಪರಂಪರೆಯನ್ನೇ ಬಿಟ್ಟಿವೆ.

ಇನ್ನು ಎಂಜಿನ್ನು. 65 ಮಿ.ಮೀ. ಬೋರು, 75 ಮಿ.ಮೀ. ಸ್ಟ್ರೋಕು, ಸುಮಾರು 249 ಸಿಸಿ, ಒಂದೇ ಸಿಲಿಂಡರು, ಎರಡು ಸೈಲೆನ್ಸರು. ಸ್ಟ್ರೋಕು ಉದ್ದವಿರುವುದರಿಂದ ಕೆಳಸುತ್ತಿನಲ್ಲೇ ಎಳೆತ ಜೋರು. ಸಡಿಲ ಮಣ್ಣಿನಲ್ಲಿ ಬೇಕಾದದ್ದು ಇದೇ. ನಿಮಿಷಕ್ಕೆ 4,500 ಸುತ್ತಿನಲ್ಲಿ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ 11 ಮೀಟರ್ ದಾಟುತ್ತದೆ. 7,000ಕ್ಕೆ ಏರಿಸಿದರೆ ಹದಿನೇಳೂವರೆ. ಹಳೆಯ ಕ್ರ್ಯಾಂಕಿಗೆ ಅದು ಹಿಂಸೆ. ಟೂ ಸ್ಟ್ರೋಕ್ ಸೈಲೆನ್ಸರಿನ ಹೊಟ್ಟೆ ಉಬ್ಬಿಸಿ ಶಬ್ದದ ಅಲೆಗಳಿಂದಲೇ ಎಂಜಿನ್ನಿಗೆ ಉಸಿರು ತುಂಬುವ ವಿದ್ಯೆಯನ್ನು 1950ರ ದಶಕದಲ್ಲಿ ಪೂರ್ವ ಜರ್ಮನಿಯ ಎಂ.ಝಡ್. ಕಾರ್ಖಾನೆಯಲ್ಲಿ ಪಳಗಿಸಿದವರು ವಾಲ್ಟರ್ ಕಾಡೆನ್. ಅವರ ಸವಾರ ಅರ್ನ್‌ಸ್ಟ್ ಡೆಗ್ನರ್ 1961ರಲ್ಲಿ ದೇಶ ಬಿಟ್ಟು ಸುಜುಕಿ ಸೇರಿದಾಗ ಆ ವಿದ್ಯೆಯೂ ಜಪಾನಿಗೆ ಹೋಯಿತು. ಮೊದಲ ಶಂಕು ಹೊಗೆಯನ್ನು ಹೊರಕ್ಕೆ ಎಳೆಯುತ್ತದೆ, ಎರಡನೆಯದು ಹೊರಗೆ ಜಾರಿದ ಹೊಸ ಮಿಶ್ರಣವನ್ನು ಪೋರ್ಟು ಮುಚ್ಚುವ ಮೊದಲು ಒಳಕ್ಕೆ ತಳ್ಳುತ್ತದೆ. ಕೊಳವೆ ಉದ್ದವಾದಷ್ಟೂ ಈ ತಾಳ ಕೂಡುವುದು ಕೆಳಸುತ್ತಿನಲ್ಲಿ. ರೇಸಿನ ಗಾಡಿಯ ಗಿಡ್ಡ ಕೊಳವೆಯನ್ನು ನೋಡಿ ಯೆಜ್ಡಿಗೂ ಅಂಥದ್ದನ್ನೇ ಬೆಸೆದರೆ ಸದ್ದು ಬರುತ್ತದೆ, ಎಳೆತ ಹೋಗುತ್ತದೆ.

ಎಂಜಿನ್ನಿನಲ್ಲಿ ಹೊಸತು ಬೇಕಾದದ್ದು ಕಣ್ಣಿಗೆ ಬೀಳದ ಕಡೆ. ಟೂ ಸ್ಟ್ರೋಕ್‌ನಲ್ಲಿ ಕ್ರ್ಯಾಂಕ್ ಕೋಣೆಯೂ ಗಾಳಿಯಾಡದಂತಿರಬೇಕು. ಅಲ್ಲಿನ ಆಯಿಲ್ ಸೀಲ್ ಒಣಗಿದ್ದರೆ ಹೊರಗಿನ ಗಾಳಿ ನುಸುಳಿ ಪೆಟ್ರೋಲಿನ ಪಾಲು ಕಡಿಮೆಯಾಗಿ, ಪಿಸ್ಟನ್ ಕಾದು, ಎಂಜಿನ್ ಸೀಜ್ ಆಗುತ್ತದೆ. ಈಗ ಬಂಕಿನಲ್ಲಿ ಸಿಗುವುದು ಶೇಕಡಾ 20ರಷ್ಟು ಎಥನಾಲ್ ಬೆರೆತ ಪೆಟ್ರೋಲು. ಅದು ಹಳೆಯ ರಬ್ಬರನ್ನು ಊದಿಸುತ್ತದೆ, ಗಾಳಿಯ ತೇವವನ್ನೂ ಹೀರುತ್ತದೆ. ವೈಟನ್ ಎಂಬ ಬಗೆಯ ರಬ್ಬರಿನ ಸೀಲು, ಪೆಟ್ರೋಲ್ ಪೈಪು ಹಾಕಿಸಬೇಕು, ಓಟ ಮುಗಿದ ಮೇಲೆ ಟ್ಯಾಂಕು, ಕಾರ್ಬುರೇಟರು ಖಾಲಿ ಮಾಡಬೇಕು. ಕಿಡಿ ಹೊತ್ತಿಸುವ ಪಾಯಿಂಟ್ ತೆಗೆದು ಎಲೆಕ್ಟ್ರಾನಿಕ್ ಸಿಡಿಐ ಕೂಡಿಸಿದರೆ ದೂಳು, ತೇವದ ಕಿರಿಕಿರಿ ಹೋಗುತ್ತದೆ. ಆದರೆ ತೂಕ ಇಳಿಸುವ ಹುಮ್ಮಸ್ಸಿನಲ್ಲಿ ತೀರಾ ಹಗುರದ ರೋಟರ್ ಹಾಕಿದರೆ ತಿರುವಿನಲ್ಲಿ ಎಂಜಿನ್ ಆಫ್ ಆಗುತ್ತದೆ. ಆಫ್ ಆದರೆ ಜಾವಾ ವಂಶದ ಹಳೆಯ ತಮಾಷೆ ಎದುರಾಗುತ್ತದೆ: ಗೇರಿನ ಕಡ್ಡಿಯೇ ಕಿಕ್ ಕಡ್ಡಿ. ಅದನ್ನು ಒಳಕ್ಕೆ ಒತ್ತಿ, ಮೇಲಕ್ಕೆ ತಿರುಗಿಸಿ ತುಳಿಯುವಷ್ಟರಲ್ಲಿ ಹಿಂದಿನವರೆಲ್ಲ ಮುಂದೆ ಹೋಗಿರುತ್ತಾರೆ.

ಏರ್ ಫಿಲ್ಟರಿನ ವಿಷಯದಲ್ಲಿ ಕೋಲಾರದ ಮಣ್ಣು ಕ್ಷಮಿಸುವುದಿಲ್ಲ. ನಮ್ಮ ಬಂಡೆ ಗ್ರಾನೈಟು, ಅದು ಸವೆದು ಉಳಿಯುವುದು ಸ್ಫಟಿಕದ ಪುಡಿ, ಅದು ಸಿಲಿಂಡರಿನ ಬೀಡುಕಬ್ಬಿಣವನ್ನು ಗೀರಬಲ್ಲಷ್ಟು ಗಟ್ಟಿ. ಟೂ ಸ್ಟ್ರೋಕ್‌ನಲ್ಲಿ ಒಳಬಂದ ದೂಳು ಮೊದಲು ಕ್ರ್ಯಾಂಕಿನ ಬೇರಿಂಗು ನೋಡಿ, ಆಮೇಲೆ ಪಿಸ್ಟನ್ನಿಗೆ ಹೋಗುತ್ತದೆ. ಹಳೆಯ ಫಿಲ್ಟರ್ ತೆಗೆದು ಎಣ್ಣೆ ಹಿಂಡಿದ ಎರಡು ಪದರದ ಫೋಮ್ ಹಾಕಿ ಪ್ರತಿ ಓಟಕ್ಕೂ ತೊಳೆಯುವುದು ಅಗ್ಗದ ಕೆಲಸ. ಸಿಲಿಂಡರ್ ಬೋರಿಂಗ್ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹುಡುಕುವುದು ಹಾಗಲ್ಲ. ಕೆಜಿಎಫ್‌ನ ಸೈನೈಡ್ ದಿಬ್ಬಗಳ ಮೇಲೆ ಓಡಿಸಿ ವಿಡಿಯೊ ಮಾಡುವ ಚಟವನ್ನು ಮಾತ್ರ ಬಿಡಬೇಕು. ಚಿನ್ನ ತೆಗೆದುಳಿದ ಆ ನುಣ್ಣನೆ ಪುಡಿ ಎಂಜಿನ್ನಿಗಿಂತ ಮೊದಲು ಸವಾರನ ಶ್ವಾಸಕೋಶಕ್ಕೆ ಹೋಗುತ್ತದೆ.

ಕಾನೂನಿನ ಮಾತು. ಗಾಡಿ ತಯಾರಾದಾಗಿನ ವಿವರಕ್ಕೂ ಆರ್.ಸಿ.ಗೂ ಹೊಂದದಂತೆ ಬದಲಾಯಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಡಾಖಂಡಿತವಾಗಿ ಹೇಳಿತು. ವಿಂಟೇಜ್ ಎಂದು ನೋಂದಾಯಿಸುವ ದಾರಿ 2021ರಲ್ಲಿ ತೆರೆದಿದೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಹತ್ತು ವರ್ಷದ ಅವಧಿ, ನಂಬರಿನಲ್ಲಿ ‘ವಿಎ’ ಅಕ್ಷರಗಳು. ಆದರೆ ಗಾಡಿಗೆ ಮೊದಲ ನೋಂದಣಿಯಿಂದ 50 ವರ್ಷ ದಾಟಿರಬೇಕು, ಚಾಸಿ, ಎಂಜಿನ್ ಮೂಲರೂಪದಲ್ಲೇ ಇರಬೇಕು. ಮೊಟ್ಟಮೊದಲ ರೋಡ್‌ಕಿಂಗಿಗೆ ಆ ವಯಸ್ಸಾಗುವುದು 2028ಕ್ಕೆ. ಶಾಕಿನ ಬ್ರ್ಯಾಕೆಟ್ ಕತ್ತರಿಸಿದ ಗಾಡಿಗೆ ಆ ಬಾಗಿಲು ಎಂದಿಗೂ ತೆರೆಯದು. ಓಟಗಾರರ ಕಣ್ಣಿಗೆ ವಿಂಟೇಜ್ ಆದದ್ದು ಆರ್‌ಟಿಒ ಕಣ್ಣಿಗೆ ಬರೀ ಅಕ್ರಮ ಮಾರ್ಪಾಡು. ಹೀಗಾಗಿ ಪೂರ್ತಿ ಸುಸ್ಥಿತಿಯಲ್ಲಿರುವ, ಕಾಗದಪತ್ರ ಚೊಕ್ಕವಾಗಿರುವ ಗಾಡಿಗೆ ಗ್ರೈಂಡರ್ ತಾಗಿಸುವುದು ನನಗೆ ಸರಿಕಾಣುವುದಿಲ್ಲ. ತುಕ್ಕು ಹಿಡಿದು ಅರ್ಧ ಭಾಗ ಕಳೆದುಹೋದದ್ದನ್ನು ಆರಿಸಿ, ಅದನ್ನು ಸ್ವಂತ ಜಮೀನಿನಲ್ಲೋ ಮೈದಾನದಲ್ಲೋ ಮಾತ್ರ ಓಡಿಸಿ. ಅಲ್ಲಿಯವರೆಗೆ ಟೊಮೆಟೊ ಸಾಗಿಸುವ ಪಿಕಪ್‌ನಲ್ಲೇ ಹೋಗಲಿ.

ಕಟ್ಟಿ ಮುಗಿದ ಗಾಡಿಗೆ ಬಣ್ಣ ಬಳಿಯುವ ಆತುರವೂ ಬೇಡ. ಮೊದಲು ಬರೀ ಕಬ್ಬಿಣದಲ್ಲಿ, ಸಣ್ಣ ದಿಬ್ಬಗಳ ಮೇಲೆ ಕಾಲು ಗಂಟೆ ಓಡಿಸಿ ತಂದು ತೊಳೆಯಬೇಕು. ಬೆಸುಗೆ ಪರೀಕ್ಷಿಸುವ ಕೆಂಪು ಬಣ್ಣದ ಸ್ಪ್ರೇ ಡಬ್ಬಿ ಸಿಗುತ್ತದೆ. ಅದನ್ನು ಹ್ಯಾಂಡಲ್ ಕತ್ತು, ಶಾಕಿನ ಬ್ರ್ಯಾಕೆಟ್ಟು, ಸ್ವಿಂಗ್ ಆರ್ಮಿನ ಬುಡಕ್ಕೆ ಹೊಡೆದು, ಹತ್ತು ನಿಮಿಷ ಬಿಟ್ಟು ಒರೆಸಿ, ಮೇಲೆ ಬಿಳಿ ಪುಡಿಯ ಸ್ಪ್ರೇ ಹಾಕಿದರೆ ಬಿರುಕಿರುವಲ್ಲಿ ಕೆಂಪು ಗೆರೆ ಮೂಡುತ್ತದೆ. ಗೆರೆ ಕಂಡರೆ ಅದರ ಮೇಲೆಯೇ ಇನ್ನೊಂದು ಸಾಲು ಬೆಸುಗೆ ಎಳೆಯುವುದಲ್ಲ. ಬಿರುಕಿನ ಎರಡೂ ತುದಿಗೆ ಸಣ್ಣ ತೂತು ಕೊರೆದು, ಬಿರಿದದ್ದನ್ನು ಪೂರ್ತಿ ಅರೆದು ತೆಗೆದು ಬೆಸೆದ ಮೇಲೆ ಶಾಕಿನ ಕೆಳತುದಿಯನ್ನು ಒಂದು ತೂತು ಹಿಂದಕ್ಕೆ ಸರಿಸಿ ಮತ್ತೆ ಓಡಿಸಿ ನೋಡಬೇಕು.